ಕೋರ್ಟು ಕೊಡದಿದ್ದನ್ನು ಯಾರಲ್ಲಿ ಕೇಳೋಣ?

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಒಂದೇ ಸೂರಿನಡಿ ಬಾಳುತ್ತಿರುವ ನಾವಿಬ್ಬರು ಹೆಂಗಸರು ಅವತ್ತು ರಾತ್ರಿ ಊಟ ಮಾಡಲಿಲ್ಲ. 2018ರಲ್ಲಿ ಇದೇ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿನ ಕುಣಿಕೆಯಿಂದ ನಮ್ಮನ್ನು ಬಿಡಿಸಿತ್ತು. ಈ ಸಲದ ಅರ್ಜಿದಾರರಲ್ಲಿ ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿಯವರೂ ಇದ್ದರು. ಹಾಗಾಗಿ ಆಸೆ ದೊಡ್ಡದಾಗಿಯೇ ಇತ್ತು.

ಮದುವೆ ಮೂಲಭೂತ ಹಕ್ಕಲ್ಲ ಎಂಬುದರಲ್ಲಿ ಐವರು ನ್ಯಾಯಮೂರ್ತಿಗಳದೂ ಒಂದೇ ಮಾತು. ಮದುವೆಯಲ್ಲದಿದ್ದರೂ ಜೊತೆಬಾಳ್ವೆಗಾದರೂ ಕಾನೂನಿನ ಮಾನ್ಯತೆ ಸಿಗಲಿ ಎಂದವರು ಚಂದ್ರಚೂಡ್ ಮತ್ತು ಕೌಲ್. ಉಳಿದ ಮೂವರು ಅದಕ್ಕೂ ಒಪ್ಪಲಿಲ್ಲ, ಅದು ಶಾಸಕಾಂಗದ ಕೆಲಸ ಎಂದರು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ಶಾಸಕಾಂಗ ಎಂದರೆ ಕೊನೆಗೆ ಮತದಾರರೇ ತಾನೆ? ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. 2024ರ ಏಪ್ರಿಲ್ 26ರ ಮತದಾನಕ್ಕೆ ಮುಂಚೆ ನಮ್ಮ ಬೀದಿಗೆ ಬಂದವರು ಎತ್ತಿನಹೊಳೆ ನೀರಿನ ಮಾತಾಡಿದರು, ಮಗ್ಗಗಳ ಕರೆಂಟಿನ ಮಾತಾಡಿದರು. ಅವು ನಮಗೂ ಬೇಕಾದವೇ. ನಮ್ಮ ಬಾಳಿನ ವಿಷಯ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ತೀರ್ಪಿಗಿಂತ ಈ ಮೌನ ನನ್ನನ್ನು ಹೆಚ್ಚು ನೋಯಿಸಿತು.

ಮದುವೆಯ ಕಾಗದ ಯಾಕೆ ಬೇಕು ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ನನ್ನ ಜೊತೆಗಾತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕಿತ್ತು. ಆಸ್ಪತ್ರೆಯ ಫಾರಂನಲ್ಲಿ 'ಸಂಬಂಧ' ಎಂಬ ಕಡೆ ನನ್ನ ಪೆನ್ನು ನಿಂತಿತು. "ಪೇಷಂಟ್‌ಗೆ ನೀವೇನಾಗ್ಬೇಕು?" ಎಂದರು ನರ್ಸ್. ಒಟ್ಟಿಗೆ ಇದ್ದೀವಿ ಎಂದೆ. "ಹಂಗಂದ್ರೆ ಆಗಲ್ಲ ಮೇಡಂ, ಮನೆಯವ್ರನ್ನ ಕರೆಸಿ." ನಮ್ಮ ಜೊತೆ ಮಾತು ಬಿಟ್ಟಿದ್ದ ಅವಳ ಅಣ್ಣ ಗೌರಿಬಿದನೂರಿನಿಂದ ಬಂದರು. ತಂಗಿಯ ಮುಖವನ್ನೂ ನೋಡದೆ ಸಹಿ ಹಾಕಿ, ಅದೇ ಮಧ್ಯಾಹ್ನದ ಬಸ್ಸಿಗೆ ಹೊರಟರು. ರಾತ್ರಿಯೆಲ್ಲ ಅವಳ ಪಕ್ಕ ಕೂತಿದ್ದವಳು ನಾನು.

ಹೀಗಂತ ಮತದಾರರ ಮೇಲೆ ನನಗೆ ನಂಬಿಕೆ ಹೋಗಿಲ್ಲ. 2008ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಶೇ 52ರಷ್ಟು ಮತದಾರರು ಸಲಿಂಗ ವಿವಾಹ ಬೇಡವೆಂದು ಓಟು ಹಾಕಿ, ಆಗಲೇ ಸಿಕ್ಕಿದ್ದ ಹಕ್ಕನ್ನೇ ಕಿತ್ತುಕೊಂಡರು. ಕೋರ್ಟುಗಳು ಅದನ್ನು ಮರಳಿ ಕೊಡಿಸಿದವು. 2024ರಲ್ಲಿ ಅದೇ ರಾಜ್ಯದ ಮತದಾರರು ಆ ನಿಷೇಧದ ಸಾಲನ್ನು ಸಂವಿಧಾನದಿಂದಲೇ ತೆಗೆದುಹಾಕಿದರು. ಕ್ಯಾಥೊಲಿಕರ ನಾಡು ಐರ್ಲೆಂಡ್ 2015ರಲ್ಲಿ ಶೇ 62 ಮತಗಳಿಂದ ಹೂಂ ಎಂದಿತು. ಪಕ್ಕದ ಮನೆಯಲ್ಲಿ ಇಂಥವರಿದ್ದಾರೆ ಎಂದು ಗೊತ್ತಾದಾಗ ಜನರ ಮನಸ್ಸು ತಿರುಗುತ್ತದೆ ಎಂಬುದು ನನ್ನ ನಂಬಿಕೆ.

ಅಲ್ಲಿಯವರೆಗೆ ಇರುವ ಕಾನೂನಿನಲ್ಲೇ ದಾರಿ ಹುಡುಕಬೇಕು. ಸಲಿಂಗ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನಾವೂ ಖಾತೆ ತೆರೆದೆವು. ಆದರೆ ನಾಮಿನಿಯ ಕೈಗೆ ಹಣ ಬರುತ್ತದೆಯೇ ಹೊರತು ವಾರಸುದಾರರ ಹಕ್ಕು ಹೋಗುವುದಿಲ್ಲ. ಮದುವೆಯಾಗದ ಹೆಣ್ಣು ವಿಲ್ ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವಳ ಸ್ವಂತ ಸಂಪಾದನೆಯೂ ತಂದೆತಾಯಿಗೆ, ಅವರಿಲ್ಲದಿದ್ದರೆ ತಂದೆಯ ಕಡೆಯ ವಾರಸುದಾರರಿಗೆ ಹೋಗುತ್ತದೆ. ಇನ್ನು ಅವಳ ಪಿಎಫ್. ಅವಳನ್ನೇ ನಂಬಿಕೊಂಡ ತಾಯಿ ಇರುವವರೆಗೆ ಅದರ ನಾಮಿನಿ ಜಾಗದಲ್ಲಿ ನನ್ನ ಹೆಸರು ನಡೆಯುವುದಿಲ್ಲ.

ಅದಕ್ಕೇ ವಿಲ್ ಬರೆದೆವು. ಸಾಕ್ಷಿಗಳು ಇಬ್ಬರು ಬೇಕು. ಪಕ್ಕದ ಮನೆಯ ಮಗ್ಗದ ಯಜಮಾನರನ್ನು ಹಿಂಜರಿಯುತ್ತಲೇ ಕೇಳಿದೆ. ಕಾಗದವನ್ನು ಪೂರ್ತಿ ಓದಿಸಿಕೊಂಡರು. "ಇಷ್ಟು ವರ್ಷ ನೋಡಿದೀವಲ್ಲ ಕಣಮ್ಮ, ಕೊಡು" ಎಂದು ಸಹಿ ಹಾಕಿ, ಹೆಂಡತಿಯನ್ನೂ ಕರೆದು ಹಾಕಿಸಿದರು. ಈ ಊರಿನಲ್ಲಿ ನಮಗೆ ಸಿಕ್ಕ ಮೊದಲ ಎರಡು ಓಟು ಅವು.

ನಿಮ್ಮ ಬೀದಿಯಲ್ಲೂ ಇಂಥ ಜೋಡಿ ಇದ್ದರೆ, ಸಾಕ್ಷಿ ಕೇಳಿಕೊಂಡು ಬಂದಾಗ ಸಹಿ ಹಾಕಿ. ಮುಂದಿನ ಸಲ ಓಟು ಕೇಳಲು ಬರುವವರನ್ನು, ಇವರ ಮದುವೆಗೆ ಕಾನೂನು ಯಾವಾಗ ಮಾಡುತ್ತೀರಿ ಎಂದು ನೀವೂ ಕೇಳಿ.