ಉಬ್ಬಸದವರಿಗೆ ಇ-ಸಿಗರೇಟು ಮದ್ದೇ?

ನಮ್ಮ ವಾಚನಾಲಯಕ್ಕೆ ಬರುವ ಹಿರಿಯ ಮಿತ್ರರೊಬ್ಬರು ಹಿಂದೆ ಮಂಗಳಗಿರಿಯ ಪಾನಕಾಲ ನರಸಿಂಹಸ್ವಾಮಿ ಬೆಟ್ಟದ ಮೆಟ್ಟಿಲುಗಳನ್ನು ನಿಲ್ಲದೆ ಹತ್ತುತ್ತಿದ್ದರು. ಈಗ ವಾಚನಾಲಯದ ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ನಿಲ್ಲುತ್ತಾರೆ. ಮೂವತ್ತು ವರ್ಷ ಬೀಡಿ ಸೇದಿದವರು. ವೈದ್ಯರು ಕೊಳವೆಯಲ್ಲಿ ಊದಿಸಿ ನೋಡಿ, ಇದು 'ಸಿಓಪಿಡಿ' ಎಂದಿದ್ದಾರೆ. ಮೊನ್ನೆ ಅವರು, "ಇ-ಸಿಗರೇಟು ಸೇದಿದರೆ ಬೀಡಿ ಬಿಡಬಹುದಂತಲ್ಲ, ರಾಯರೇ? ಹುಡುಗನೊಬ್ಬ ತಂದುಕೊಡುತ್ತಾನಂತೆ, ತರಿಸಲೇ?" ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲವಾದ್ದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ರೋಗದ ವಿಚಾರ. ಬಹುಕಾಲ ಹೊಗೆ ತಾಗಿದರೆ ಶ್ವಾಸನಾಳಗಳು ಬಾತು ಕಿರಿದಾಗುತ್ತವೆ. ಶ್ವಾಸಕೋಶದ ಸಣ್ಣ ಗಾಳಿಚೀಲಗಳು ಹಾಳಾಗುತ್ತವೆ. ಒಳಗೆ ಹೋದ ಗಾಳಿ ಸಲೀಸಾಗಿ ಹೊರಬರುವುದಿಲ್ಲ. ಕೆಟ್ಟುಹೋದ ಭಾಗ ಮತ್ತೆ ಹುಟ್ಟದು. ಹಾಗೆಂದು "ಇನ್ನು ಬಿಟ್ಟು ಫಲವೇನು?" ಎನ್ನಬಾರದು. ಅಮೆರಿಕ ಮತ್ತು ಕೆನಡಾಗಳಲ್ಲಿ ಈ ರೋಗ ಮೊದಲಾಗಿದ್ದ 5,887 ಮಂದಿ ಸೇದುವವರನ್ನು 5 ವರ್ಷ ನೋಡಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೇದುವುದನ್ನು ಬಿಟ್ಟವರಲ್ಲಿ ಉಸಿರಿನ ಶಕ್ತಿ ಕುಗ್ಗುವ ವೇಗ ಬಹಳ ಕಡಿಮೆಯಾಗಿತ್ತು. ಉಳಿದುದನ್ನು ಉಳಿಸಿಕೊಳ್ಳುವುದೇ ಇಲ್ಲಿ ಲಾಭ.

ಇ-ಸಿಗರೇಟೆಂದರೆ ನಿಕೋಟಿನ್ ಬೆರೆತ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿ ಮಾಡುವ ಉಪಕರಣ. ಅದರಿಂದ ಬಿಟ್ಟವರುಂಟೆಂಬ ಮಾತು ಸುಳ್ಳಲ್ಲ. ಇಂಗ್ಲೆಂಡಿನಲ್ಲಿ 886 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ಕೊನೆಗೆ ಇ-ಸಿಗರೇಟು ಪಡೆದವರಲ್ಲಿ ಶೇ. 18 ಮಂದಿ ಸಿಗರೇಟು ಬಿಟ್ಟಿದ್ದರು. ನಿಕೋಟಿನ್ ಗಮ್, ಪಟ್ಟಿ ಮುಂತಾದವನ್ನು ಪಡೆದವರಲ್ಲಿ ಶೇ. 9.9. ಆದರೆ ಇ-ಸಿಗರೇಟಿನಿಂದ ಬಿಟ್ಟವರ ಪೈಕಿ ಶೇ. 80 ಮಂದಿ ಆಗಲೂ ಆ ಉಪಕರಣವನ್ನು ಬಿಟ್ಟಿರಲಿಲ್ಲ. ಅಲ್ಲದೆ ಅದು ಸಿಓಪಿಡಿ ರೋಗಿಗಳಿಗೆಂದೇ ನಡೆಸಿದ ಪರೀಕ್ಷೆಯಲ್ಲ. ಹಾಳಾದ ಶ್ವಾಸಕೋಶಕ್ಕೆ ಆವಿಯೂ ಒಂದು ಭಾರವೇ. ಬೀಡಿಯನ್ನೂ ಇದನ್ನೂ ಜೊತೆಗೆ ಸೇದಿದರಂತೂ ಬಿಟ್ಟಂತಾಗಲಿಲ್ಲ.

ಇನ್ನು ಕಾನೂನು. ಕರ್ನಾಟಕದಲ್ಲಿ 2016ರಲ್ಲಿಯೂ ಇಡೀ ದೇಶದಲ್ಲಿ 2019ರಲ್ಲಿಯೂ ಇದನ್ನು ನಿಷೇಧಿಸಲಾಯಿತು. ಮಾರುವವನಿಗೆ ಮೊದಲ ತಪ್ಪಿಗೇ 1 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕದ್ದು ಮಾರುವ ದ್ರವದಲ್ಲಿ ಏನು ಬೆರೆತಿದೆಯೆಂದು ಪರೀಕ್ಷಿಸುವವರಾರು?

ಹಾಗಾದರೆ ದಾರಿ:

1. 1800-11-2356ಕ್ಕೆ ಫೋನು ಮಾಡಿರಿ, ಹಣ ಬೀಳದು. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸಲಹೆ ಕೊಡುತ್ತಾರೆ.

2. ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ಬಳಸಿರಿ. ಅದನ್ನು ಮಿಠಾಯಿಯಂತೆ ಜಗಿಯಬಾರದು. ನಿಧಾನವಾಗಿ ಅಗಿದು, ಚುರುಗುಟ್ಟಿದೊಡನೆ ಕೆನ್ನೆಯ ಒಳಗೆ ಒತ್ತರಿಸಿಡಬೇಕು. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಚಹ ಬೇಡ. ಬಿಡಲು ನೆರವಾಗುವ ಮಾತ್ರೆಗಳೂ ಉಂಟು. ಅವನ್ನು ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ.

3. ಬೀಡಿ ಬಿಟ್ಟೆವೆಂದು ಇನ್‌ಹೇಲರ್ ಬಿಡಬೇಡಿ. ನಮ್ಮ ಮಂಗಳಗಿರಿಯಲ್ಲೇ ಏಮ್ಸ್ ಆಸ್ಪತ್ರೆಯಿದೆ. ಚೀಟಿ ಬರೆಸಲು, ಅರ್ಜಿ ತುಂಬಲು ನಾವು ಜೊತೆಗೆ ಬರುತ್ತೇವೆ.

ನಮ್ಮ ಮಿತ್ರರು ಉಪಕರಣ ತರಿಸಲಿಲ್ಲ. ವಾಚನಾಲಯದಿಂದಲೇ ಫೋನು ಮಾಡಿದರು. ಹನ್ನೆರಡು ದಿನವಾಯಿತು. ನಡುವೆ ಒಂದು ದಿನ ಸೇದಿದರು, ಮರುದಿನ ಮತ್ತೆ ಬಿಟ್ಟರು. ಎಡವಿದವನು ಎದ್ದು ನಡೆದರೆ ಊರು ತಲಪುತ್ತಾನೆ.