ಸೈಬರ್ ಪ್ರಯೋಗಗಳಿಗೆ ನಮ್ಮ ಪಾಲು

ಪ್ರಶ್ನೆ: ಧಾರವಾಡದಲ್ಲಿ ಕಂಪ್ಯೂಟರ್ ಸೈನ್ಸ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸೈಬರ್ ಭದ್ರತೆ ಕಲಿಸುವ ಸೀಡ್ ಲ್ಯಾಬ್ಸ್‌ನ ಬಫರ್ ಓವರ್‌ಫ್ಲೋ ಪ್ರಯೋಗ ಮಾಡಿ ಮುಗಿಸಿದೆ. ಆ ಮುಕ್ತ ಸಂಗ್ರಹಕ್ಕೆ ನಾನೂ ಏನಾದರೂ ಸೇರಿಸಬೇಕೆಂಬ ಆಸೆ. ಹೊಸ ದಾಳಿಯನ್ನು ರೂಪಿಸುವಷ್ಟು ತಿಳಿವಳಿಕೆ ಇಲ್ಲ. ನನ್ನಿಂದ ಏನಾದೀತು?

ಉತ್ತರ: ಸಿರಾಕ್ಯೂಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವೆನ್‌ಲಿಯಾಂಗ್ ಡು 2002ರಲ್ಲಿ ಶುರುಮಾಡಿದ ಈ ಸಂಗ್ರಹದಲ್ಲಿ ದಾಳಿಗಳಿಗೇನೂ ಬರವಿಲ್ಲ. ಕಲಿಯುವವರು ಎಲ್ಲಿ ಮುಗ್ಗರಿಸಿದರು ಎಂದು ಬರೆದು ತಿಳಿಸುವವರು ಬೇಕು. ವಿಷಯದಲ್ಲಿ ಪಳಗಿದವರಿಗೆ ಆ ಜಾಗ ಕಾಣುವುದೇ ಇಲ್ಲ, ನಿಮಗೆ ಈಗಷ್ಟೇ ಕಂಡಿದೆ.

ನೀವು ಮಾಡಿದ ಪ್ರಯೋಗವನ್ನೇ ನೋಡಿ. ಉಬುಂಟು ಪ್ರೋಗ್ರಾಂ ಓಡಿದಾಗಲೆಲ್ಲ ಅದರ ಮೆಮೊರಿ ವಿಳಾಸಗಳನ್ನು ಅದಲುಬದಲು ಮಾಡುತ್ತದೆ. ಪ್ರಯೋಗಕ್ಕಾಗಿ ಆ ರಕ್ಷಣೆಯನ್ನು ಒಂದು ಕಮಾಂಡಿನಿಂದ ಆರಿಸುತ್ತೇವೆ. ಯಂತ್ರ ರೀಸ್ಟಾರ್ಟ್ ಆದರೆ ಅದು ಮತ್ತೆ ಜಾರಿಗೆ ಬರುತ್ತದೆ. ನಿನ್ನೆ ನಡೆದ ದಾಳಿ ಇವತ್ತು ನಡೆಯದು, ವಿದ್ಯಾರ್ಥಿ ತನ್ನ ಕೋಡಿನಲ್ಲೇ ತಪ್ಪು ಹುಡುಕುತ್ತ ಕೂರುತ್ತಾನೆ. ಅದರ ಮೇಲೆ, ಪ್ರಯೋಗ ನಡೆಯುವ ಕಂಟೇನರುಗಳೆಲ್ಲ ಹೊರಗಿನ ಯಂತ್ರದ ಕರ್ನಲ್ಲನ್ನೇ ಹಂಚಿಕೊಳ್ಳುವುದರಿಂದ ಆ ಕಮಾಂಡನ್ನು ಹೊರಗಿನ ಯಂತ್ರದಲ್ಲೇ ಕೊಡಬೇಕು. ಇಂಥ ಕಡೆ ಸೂಚನೆಗೆ ಸೇರುವ ಒಂದೇ ಸಾಲು ಮುಂದಿನವರ ಒಂದು ಇಡೀ ಸಂಜೆಯನ್ನು ಉಳಿಸುತ್ತದೆ. ನನ್ನ ಲೆಕ್ಕದಲ್ಲಿ ಅದು ಹೊಸ ಪ್ರಯೋಗಕ್ಕಿಂತ ಕಡಿಮೆಯ ಕೊಡುಗೆಯಲ್ಲ.

ನೇರವಾಗಿ ಪುಲ್ ರಿಕ್ವೆಸ್ಟ್ ಕಳಿಸಬೇಡಿ. ಗಿಟ್‌ಹಬ್‌ನಲ್ಲಿ ಅದೇ ದೂರು ಈಗಾಗಲೇ ಇದೆಯೇ ನೋಡಿ. ಇಲ್ಲದಿದ್ದರೆ ಇಶ್ಯೂ ತೆರೆದು ಯಾವ ಉಬುಂಟು, ಎಷ್ಟು ರ‍್ಯಾಮ್, ಕೊಟ್ಟ ಕಮಾಂಡ್ ಯಾವುದು, ಬಂದ ಎರರ್ ಏನು ಎಂಬುದನ್ನು ಅಕ್ಷರಶಃ ಬರೆಯಿರಿ. ಒಪ್ಪಿಗೆ ಸಿಕ್ಕ ಮೇಲೆ ಅದೊಂದನ್ನೇ ತಿದ್ದಿ ಕಳಿಸಿ. ಹಳೆಯ, ಕಡಿಮೆ ರ‍್ಯಾಮಿನ ಲ್ಯಾಪ್‌ಟಾಪೇ ನಿಮ್ಮಲ್ಲಿದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಯಾವ ಪ್ರಯೋಗ ಓಡುತ್ತದೆ, ಯಾವುದು ಓಡದು ಎಂಬ ವರದಿಗೂ ಬೆಲೆಯಿದೆ.

ಪ್ರಶ್ನೆ: ಮಗಳು ಮನೆಯಲ್ಲೇ ‘ಹ್ಯಾಕಿಂಗ್’ ಅಭ್ಯಾಸ ಮಾಡುತ್ತಾಳೆ. ಪೊಲೀಸ್ ಕೇಸಾದರೆ ಎಂಬ ಭಯ. (ತಾಯಿ, ಗೋಕುಲ ರಸ್ತೆ, ಹುಬ್ಬಳ್ಳಿ)

ಉತ್ತರ: ತನ್ನ ಯಂತ್ರದೊಳಗಿನ ವರ್ಚುವಲ್ ಯಂತ್ರದ ಮೇಲೆ ಮಾಡುವುದು ಅಪರಾಧವಲ್ಲ. ಅನುಮತಿಯಿಲ್ಲದೆ, ದುರುದ್ದೇಶದಿಂದ ಬೇರೆಯವರ ವ್ಯವಸ್ಥೆಗೆ ಕೈಹಾಕಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾಲೇಜಿನ ವೈಫೈ ಕೂಡ ಬೇರೆಯವರದೇ. ಇದನ್ನು ಮಗಳಿಗೆ ಹೇಳಿ, ಕಲಿಕೆಯನ್ನು ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಪ್ರಯೋಗಗಳ ಉತ್ತರಗಳನ್ನು ಗಿಟ್‌ಹಬ್‌ಗೆ ಏರಿಸಿ, ಅದನ್ನೇ ಓಪನ್ ಸೋರ್ಸ್ ಸೇವೆ ಎನ್ನುತ್ತಾರೆ. ಸರಿಯೇ? (ಉಪನ್ಯಾಸಕಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಸರಿಯಲ್ಲ. ಉತ್ತರ ಸಿದ್ಧವಾಗಿ ಸಿಕ್ಕಲ್ಲಿ ಪ್ರಯೋಗ ಸತ್ತಿತು. ಕ್ಯಾಲಿಫೋರ್ನಿಯಾದ ನೇವಲ್ ಪೋಸ್ಟ್‌ಗ್ರಾಜುಯೇಟ್ ಸ್ಕೂಲ್ ಕಟ್ಟಿದ ಇಂಥದೇ ಪ್ರಯೋಗ ಸಂಗ್ರಹ ಲ್ಯಾಬ್ಟೇನರ್ಸ್‌ನಲ್ಲಿ ಇದೇ ಕಾರಣಕ್ಕೆ ವಿದ್ಯಾರ್ಥಿಯಿಂದ ವಿದ್ಯಾರ್ಥಿಗೆ ಪ್ರಯೋಗದ ಮೌಲ್ಯಗಳನ್ನು ಬದಲಿಸುವ ಏರ್ಪಾಡಿದೆ.

ಆ ಉತ್ಸಾಹವನ್ನು ಕನ್ನಡದತ್ತ ತಿರುಗಿಸಿ. ಸೀಡ್ ಲ್ಯಾಬ್ಸ್‌ನ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅನುವಾದವನ್ನು ಒಪ್ಪುತ್ತದೆ. ಮೂಲಕರ್ತರ ಹೆಸರು ಹಾಕಬೇಕು, ಅದೇ ಪರವಾನಗಿಯಲ್ಲಿ ಹಂಚಬೇಕು, ಮಾರಬಾರದು. ಎಆರ್‌ಪಿ ಪ್ರಯೋಗದಿಂದ ಶುರುಮಾಡಬಹುದು. ಯಾರು ಉತ್ತರಿಸಿದರೂ ನಂಬುವ ಆ ಪ್ರೋಟೋಕಾಲಿನ ಸ್ವಭಾವ, ನಡುವೆ ನಿಂತವನು ಇಬ್ಬರ ಮಾತನ್ನೂ ಕದ್ದು ಕೇಳುವ ಬಗೆ, ಇವೆರಡನ್ನೂ ಕನ್ನಡದಲ್ಲಿ ಎರಡು ಪುಟದೊಳಗೆ ಹೇಳಬಹುದು. ಪ್ಯಾಕೆಟ್, ಕಂಟೇನರ್‌ಗಳಂಥ ಮಾತುಗಳನ್ನು ಹಾಗೇ ಉಳಿಸಿಕೊಳ್ಳಿ. ಈ ಸೆಮಿಸ್ಟರಿನಲ್ಲೇ ಒಂದು ತಂಡದಿಂದ ಇದನ್ನು ಬರೆಸಿ, ಇನ್ನೊಂದು ತಂಡ ಅದನ್ನಷ್ಟೇ ಓದಿ ಪ್ರಯೋಗ ಮಾಡಲಿ. ಅವರು ನಿಂತುಹೋದ ಕಡೆಯೆಲ್ಲ ತಿದ್ದಿಸಿ, ಆಮೇಲೆ ಪ್ರಕಟಿಸಿ.