ಗುಡ್ಡದ ಬೆಂಕಿ ಆರಿಸುವವರ ಬುತ್ತಿ

ಪ್ರಶ್ನೆ: ಬೇಸಿಗೆಯಲ್ಲಿ ಬಾದಾಮಿ, ಹುನಗುಂದದ ಕಡೆ ಗುಡ್ಡಕ್ಕೆ ಬೆಂಕಿ ಬಿದ್ದರೆ ಅರಣ್ಯ ಇಲಾಖೆಯವರು ತಾಸುಗಟ್ಟಲೆ ಆರಿಸುತ್ತಾರೆ. ಅವರ ಮೈಗೆ ಎಷ್ಟು ಕಸುವು ಬೇಕು? ಹೆಣ್ಣುಮಕ್ಕಳಿಗೂ ಅಷ್ಟೇ ಬೇಕೇ?
– ಓದುಗರು, ಇಳಕಲ್ಲ

ಉತ್ತರ: ದಿನವಿಡೀ ಹೊಲದಲ್ಲಿ ದುಡಿಯುವವರಿಗಿಂತಲೂ ಹೆಚ್ಚು ಬೇಕು. ಭಾರೀ ದುಡಿಮೆಯ ಗಂಡಸಿಗೆ ದಿನಕ್ಕೆ ಸುಮಾರು 3,470, ಹೆಂಗಸಿಗೆ 2,720 ಕಿಲೊಕ್ಯಾಲರಿ ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ. ಅಮೆರಿಕದಲ್ಲಿ ಕಾಡ್ಗಿಚ್ಚು ಆರಿಸುವವರನ್ನು ಅಳೆದು ನೋಡಿದರೆ, ಕಠಿಣ ದಿನಗಳಲ್ಲಿ ಅದು 4,000ದಿಂದ 6,000ದವರೆಗೂ ಹೋಗಿತ್ತು.

ನಮ್ಮ ಗುಡ್ಡಗಳಲ್ಲಿ ಇರುವುದು ಕುರುಚಲು ಗಿಡ, ಒಣಹುಲ್ಲು. ಬಂಡೆಗಳ ನಡುವೆ ಅಗ್ನಿಶಾಮಕ ವಾಹನ ಹತ್ತುವುದಿಲ್ಲ. ಹಸಿ ಟೊಂಗೆ ಮುರಿದುಕೊಂಡು, ಸೊಂಟ ಬಗ್ಗಿಸಿ, ಹೊಗೆಯಲ್ಲಿ ಉಸಿರು ಬಿಗಿಹಿಡಿದು ಬಡಿಯಬೇಕು. ಕಾಲಕೆಳಗಿನ ಮರಳುಗಲ್ಲು ಬಿಸಿಲಿಗೆ ಮೊದಲೇ ಕಾದಿರುತ್ತದೆ. ಆದರೂ ಅವರನ್ನು ಬೇಯಿಸುವ ಶಾಖದಲ್ಲಿ ದೊಡ್ಡ ಪಾಲು ಬೆಂಕಿಯದಲ್ಲ, ಅವರ ಮೈಯದೇ. ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಮುಕ್ಕಾಲು ಭಾಗ ಶಾಖವಾಗುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಅಳೆದ ಮೇಲೆಯೇ, ಬೆವರು ಆರಲು ಬಿಡುವ ಸಡಿಲ ಬಟ್ಟೆ ಬೇಕೆಂದು ಒತ್ತಿ ಹೇಳಿದರು. ಬೆವರು ತಾಸಿಗೆ ಒಂದು ಲೀಟರ್ ದಾಟಬಹುದು. ನೀರು ಗುಡ್ಡದ ಮೇಲಕ್ಕೇ ತಲುಪಬೇಕು.

ಹೆಣ್ಣುಮಕ್ಕಳ ಮೈತೂಕ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಒಟ್ಟು ಕ್ಯಾಲರಿಯೂ ಕಡಿಮೆ. ಆದರೆ ಬೆನ್ನ ಮೇಲಿನ ನೀರಿನ ಕ್ಯಾನಿನ ಭಾರ ಇಬ್ಬರಿಗೂ ಒಂದೇ. ಅದನ್ನು ಹೊರಲು ಆಕೆ ತನ್ನ ಬಲದ ಹೆಚ್ಚು ಪಾಲನ್ನು ತೆರಬೇಕಾಗುತ್ತದೆ. ಈ ಕೆಲಸಕ್ಕೆ ಸೇರುವವರಿಗೆ ಅಮೆರಿಕದಲ್ಲಿ ನಡೆಸುವ ಪರೀಕ್ಷೆಯಲ್ಲಿ ಗಂಡಾಗಲಿ ಹೆಣ್ಣಾಗಲಿ 20 ಕೆಜಿ ಹೊತ್ತು 4.8 ಕಿ.ಮೀ. ದೂರವನ್ನು 45 ನಿಮಿಷದಲ್ಲಿ ನಡೆಯಬೇಕು.

ಇನ್ನು ಊಟ. 4,500 ಕಿಲೊಕ್ಯಾಲರಿಯನ್ನು ಬರೀ ರೊಟ್ಟಿಯಲ್ಲೇ ತುಂಬಿಸಬೇಕೆಂದರೆ ಒಂದೂಕಾಲು ಕಿಲೊಗೂ ಹೆಚ್ಚು ಜೋಳದ ಹಿಟ್ಟು ಬೇಕು. ಅಷ್ಟನ್ನು ಬಿಸಿಲಲ್ಲಿ ಯಾರು ತಿಂದಾರು? 100 ಗ್ರಾಂ ಶೇಂಗಾದಲ್ಲಿ 550ಕ್ಕೂ ಹೆಚ್ಚಿದೆ, ಜೊತೆಗೆ ಬೆಲ್ಲ ಸೇರಿದರೆ ಕಾಲಿಗೆ ಬೇಗ ಬಲ ಬರುತ್ತದೆ. ನಮ್ಮ ಶೇಂಗಾ ಹೋಳಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಬುತ್ತಿ: ವಾರವಾದರೂ ಕೆಡದು, ಜೇಬಿನಲ್ಲಿ ಹಿಡಿಯುತ್ತದೆ. ಬೆಂಕಿ ಆರಿದ ಮೇಲೆ ಹೊಟ್ಟೆ ತುಂಬ ಉಣ್ಣುವುದಕ್ಕಿಂತ, ಕೆಲಸದ ನಡುವೆ ತಾಸಿಗೊಮ್ಮೆ ತುಸು ತಿನ್ನುವುದು ಒಳ್ಳೆಯದು. ಹಾಗೆ ತಿಂದವರು ಸಂಜೆಯ ಹೊತ್ತಿಗೂ ಚುರುಕಾಗಿ ಓಡಾಡುತ್ತಾರೆ. ಈ ಚುರುಕು ಜೀವದ ಪ್ರಶ್ನೆಯೂ ಹೌದು: 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಾಡುಮನೆಯಲ್ಲಿ ಅರಣ್ಯ ಸಿಬ್ಬಂದಿ ಕಾಡ್ಗಿಚ್ಚಿಗೆ ಬಲಿಯಾದರು. ಗಾಳಿ ದಿಕ್ಕು ಬದಲಿಸಿದಾಗ ಓಡಿ ಪಾರಾಗುವಷ್ಟು ಕಸುವು ಕಾಲಲ್ಲಿ ಉಳಿದಿರಲೇಬೇಕು.

ಮುಂದಿನ ಬೇಸಿಗೆಯಲ್ಲಿ ನಿಮ್ಮೂರ ಗುಡ್ಡಕ್ಕೆ ಬೆಂಕಿ ಬಿದ್ದರೆ ಉಪ್ಪು ಹಾಕಿದ ಮಜ್ಜಿಗೆಯ ಕೊಡವನ್ನು ಗುಡ್ಡದ ಬುಡಕ್ಕೆ ಮುಟ್ಟಿಸಿ.